ತೊಗರಿ ಮಾರಿದ ರೊಕ್ಕ, 28 ದಿನದ ಲೆಕ್ಕ

ಬ್ರಿಟನ್ನಿನ ಸ್ಟೂಡೆಂಟ್ ವೀಸಾಕ್ಕೆ ಮಗಳ ಕಾಗದಪತ್ರ ಜೋಡಿಸುವಾಗ ರೊಕ್ಕ ಕೂಡಿಸುವುದಕ್ಕಿಂತ ಅದನ್ನು ಖಾತೆಯಲ್ಲಿ ಅಲುಗದಂತೆ ಇಡುವುದೇ ದೊಡ್ಡ ಕೆಲಸ. ಬೇಕಾದ ಮೊತ್ತ ಸತತ 28 ದಿನ ಇರಬೇಕು. ಒಂದೇ ದಿನ ನೂರು ರೂಪಾಯಿ ಕಡಿಮೆಬಿದ್ದರೂ ಎಣಿಕೆ ಮತ್ತೆ ಒಂದರಿಂದ ಶುರು.

ಜೀವನ ಖರ್ಚಿಗೆಂದು ತೋರಿಸಬೇಕಾದದ್ದು ಲಂಡನ್ನಿನ ಹೊರಗೆ ಓದುವವರಿಗೆ ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಾದರೆ 1,529. ಇದು ನವೆಂಬರ್ 2025ರಿಂದಿನ ದರ. ಲಂಡನ್ನಿನ ಹೊರಗಾದರೆ ಒಂಬತ್ತು ತಿಂಗಳಿಗೆ 10,539 ಆಯಿತು. ಮೇಲೆ ಮೊದಲ ವರ್ಷದ ಫೀಯಲ್ಲಿ ಉಳಿದ ಬಾಕಿ. ಬಾಕಿ 10,000 ಇದ್ದರೆ ಒಟ್ಟು 20,539. ಪೌಂಡಿಗೆ 120 ರೂಪಾಯಿ ಹಿಡಿದರೆ ಸುಮಾರು 24.65 ಲಕ್ಷ. ವೀಸಾ ಕಚೇರಿಯವರು ನೋಡುವುದು ಅರ್ಜಿ ಹಾಕಿದ ದಿನ ಓಆಂಡಾ ಎಂಬ ವೆಬ್‌ಸೈಟಿನಲ್ಲಿರುವ ವಿನಿಮಯ ದರ. ರೂಪಾಯಿ ಇಳಿದರೆ ಕೊರತೆ ಬೀಳುತ್ತದೆಂದು ನಾವು 26 ಲಕ್ಷ ಇಟ್ಟೆವು.

ತಾರೀಖು ಹಿಂದಿನಿಂದ ಎಣಿಸಿ. ಸ್ಟೇಟ್‌ಮೆಂಟ್ ಜೂನ್ 30ಕ್ಕೆ ಮುಗಿದರೆ ಜೂನ್ 3ರಿಂದಲೇ ರೊಕ್ಕ ತುಂಬಿರಬೇಕು, ಅರ್ಜಿಯ ಫೀ ಕಟ್ಟುವುದು ಜುಲೈ 31 ದಾಟಬಾರದು. ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕವನ್ನು ಬೇರೆ ಖಾತೆಯಿಂದ ಕಟ್ಟಿ.

ನಮ್ಮ ಕಡೆ ತೊಗರಿ ರಾಶಿಯಾಗಿ ಕಲಬುರಗಿ ಎಪಿಎಂಸಿಗೆ ಬರುವುದು ಜನವರಿ ಹೊತ್ತಿಗೆ. ಪಟ್ಟಿಯ (ಮಾರಾಟದ ಬಿಲ್ಲಿನ) ರೊಕ್ಕ ನಗದು ತಗೊಳ್ಳದೆ ಅಡತಿಯವರಿಂದ (ದಲ್ಲಾಳಿಗಳಿಂದ) ಖಾತೆಗೇ ಹಾಕಿಸಿಕೊಳ್ಳಿ. ಎಲ್ಲಿಂದ ಬಂತೆಂದು ಕೇಳಿದರೆ ಪಟ್ಟಿ, ಪಹಣಿ ಎರಡೂ ಕೈಯಲ್ಲಿರುತ್ತವೆ. ಇದಕ್ಕೆಂದೇ ಬೇರೆ ಖಾತೆ ಇಡುವುದು ಮೇಲು. ವ್ಯವಹಾರದ ಖಾತೆಯಲ್ಲಿ ಬೆಳೆ ವಿಮೆ, ಸಾಲದ ಕಂತು ಎಂದು ಗೊತ್ತಿಲ್ಲದಂತೆ ಕಡಿತ ಬೀಳುತ್ತಲೇ ಇರುತ್ತದೆ. ಬೇಕೆಂದಾಗ ಮುರಿಸಬಹುದಾದ ಎಫ್‌ಡಿ ನಡೆಯುತ್ತದೆ. ಆದರೆ ಉಳಿತಾಯ ಖಾತೆಯಿಂದ ಎಫ್‌ಡಿಗೆ ಹೋದ ದಿನ ಬ್ಯಾಲೆನ್ಸ್ ಸೊನ್ನೆ ಕಾಣುತ್ತದೆ, ಹಾಗಾಗಿ ಎರಡರ ದಾಖಲೆಯೂ ಒಟ್ಟಿಗಿರಲಿ.

ಹೊಲದ ಬೆಲೆ, ಬಂಗಾರ, ಶೇರು, ಪಿಎಫ್, ಕೆಸಿಸಿಯ (ಕಿಸಾನ್ ಕ್ರೆಡಿಟ್ ಕಾರ್ಡಿನ) ಸಾಲದ ಮಿತಿ ಯಾವುದೂ ಲೆಕ್ಕಕ್ಕಿಲ್ಲ. ಊರಿನ ಸೊಸೈಟಿಯ ಠೇವಣಿ ನೆಚ್ಚಬೇಡಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದ ಬ್ಯಾಂಕಿಗೆ ತನ್ನಿ. ಕಾಕಾ, ಅಣ್ಣ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಅವರ ಖಾತೆ ತೋರಿಸುವಂತಿಲ್ಲ. ಅದು ವಿದ್ಯಾರ್ಥಿಯದೋ, ಗಂಡ ಅಥವಾ ಹೆಂಡತಿಯದೋ, ತಂದೆತಾಯಿಯದೋ, ಕಾನೂನುಬದ್ಧ ಪಾಲಕರದೋ ಆಗಿರಬೇಕು.

ತಂದೆತಾಯಿಯ ಖಾತೆಯಾದರೆ ಒಪ್ಪಿಗೆ ಪತ್ರದ ಜೊತೆ ಜನನ ಪ್ರಮಾಣಪತ್ರ ಬೇಕೇ ಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಲದು. ಎಡವುವುದು ಇಲ್ಲಿಯೇ. ಹಳೆಯ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಇಲ್ಲವೇ ಅದರಲ್ಲಿ ತಂದೆಯ ಹೆಸರು 'ಶರಣಪ್ಪ', ಬ್ಯಾಂಕಿನಲ್ಲಿ 'ಶರಣಬಸಪ್ಪ'. ಬರೀ ಕನ್ನಡದಲ್ಲಿದ್ದರೆ ಅನುವಾದಕರ ಹೆಸರು, ಸಹಿ, ತಾರೀಖು, ವಿಳಾಸ ಇರುವ ಇಂಗ್ಲಿಷ್ ಅನುವಾದ ಮಾಡಿಸಿ. ಹೆಸರು ತಿದ್ದಿಸಲು ಓಡಾಟ ಬಹಳ, ತೊಗರಿ ರಾಶಿಗೂ ಮೊದಲೇ ಆ ಕೆಲಸ ಹಚ್ಚಿಕೊಳ್ಳಿ.