ಏಳು ಸಮುದ್ರ ದಾಟಿ ಒಂದು ಊಟ

ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಫೇರಿ ಟೇಲ್ ಡಿನ್ನರ್ ಮಾಡಲು ಹೋಗಿ ಪೆಚ್ಚಾದವಳು ನಾನು. ಆನ್‌ಲೈನ್‌ನಲ್ಲಿ ತರಿಸಿದ ಥರ್ಮಾಕೋಲ್ ಅರಮನೆಯನ್ನು ಜಗಲಿಯಲ್ಲಿ ನಿಲ್ಲಿಸಿದ್ದೆ. ಆಷಾಢದ ಇರಚಲು ಹೊಡೆದು ಅಂಟು ಬಿಟ್ಟಿತು, ಗೋಪುರಗಳು ಒಂದೊಂದೇ ಕಳಚಿ ಬಿದ್ದವು. ಸಮುದ್ರದ ಹಾಗೆ ಕಾಣಲಿ ಅಂತ ಪಲಾವ್‌ಗೆ ನೀಲಿ ಬಣ್ಣ ಹಾಕಿದ್ದೆ. ಹನ್ನೆರಡು ಮಕ್ಕಳಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು.

ಕತ್ತಲಲ್ಲಿ ಗಲಾಟೆ ಶುರುವಾದಾಗ ನಮ್ಮತ್ತೆ ಲಾಟೀನು ಹಚ್ಚಿ ತಂದು ನಡುವೆ ಇಟ್ಟು, "ಒಂದೂರಲ್ಲಿ ಒಬ್ಬ ರಾಕ್ಷಸ ಇದ್ದನಂತೆ" ಅಂದರು. ಗಲಾಟೆ ನಿಂತಿತು. ಕಥೆ ಮುಗಿಯುವವರೆಗೂ ಮಕ್ಕಳು ಹಲಸಿನ ಹಪ್ಪಳ ಕಡಿಯುತ್ತಾ ಅಲ್ಲಾಡದೆ ಕೂತಿದ್ದರು.

ಈ ವರ್ಷ ಅರಮನೆ ತರಿಸಲಿಲ್ಲ. ಕಥೆಯನ್ನೇ ಬಡಿಸಿದೆವು. ನೀವೂ ಮಾಡುವುದಾದರೆ ಹೀಗೆ ಮಾಡಿ.

ಮೊದಲು ಒಂದೇ ಕಥೆ ಆರಿಸಿ

ನಾಲ್ಕೈದು ಕಥೆ ಬೆರೆಸಿದರೆ ಊಟ ಕಲಸುಮೇಲೋಗರ ಆಗುತ್ತದೆ. ಒಂದು ಕಥೆ ಸಾಕು. ಅದರಲ್ಲಿ ದಾರಿ ಇರಬೇಕು, ದಾರಿಯಲ್ಲಿ ತಡೆಗಳಿರಬೇಕು. ಒಂದೊಂದು ತಡೆಗೆ ಒಂದೊಂದು ಅಡುಗೆ.

ಮಕ್ಕಳು ಸಿಂಡ್ರೆಲಾನೇ ಬೇಕು ಅಂತ ಹಟ ಹಿಡಿದರೆ ಅದೂ ಆಗುತ್ತದೆ. ಕುಂಬಳಕಾಯಿ ರಥವಾಗುವುದು 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಅಚ್ಚು ಹಾಕಿಸಿದ ಕಥೆಯಲ್ಲಿ. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ತಂದ ಕಥೆಯಲ್ಲಿ ಕುಂಬಳಕಾಯಿಯೇ ಇಲ್ಲ. ಅಲ್ಲಿ ಹುಡುಗಿಗೆ ಬಟ್ಟೆ ಕೊಡುವುದು ತಾಯಿಯ ಸಮಾಧಿ ಮೇಲೆ ಬೆಳೆದ ಮರ. ಸಿಹಿಗುಂಬಳದ ಕಡುಬು ಮಾಡುವ ಆಸೆಯಿದ್ದರೆ ಪೆರೋ ಕಥೆ ಹಿಡಿಯಿರಿ.

ನಾವು ಹಿಡಿದದ್ದು ಅತ್ತೆಯ ರಾಕ್ಷಸನ ಕಥೆ. ಅವನ ಪ್ರಾಣ ಅವನ ಮೈಯಲ್ಲಿಲ್ಲ. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲಿ ಒಂದು ಗಿಳಿ, ಗಿಳಿಯೊಳಗೆ ಅವನ ಪ್ರಾಣ. ನೀವೂ ಚಿಕ್ಕಂದಿನಲ್ಲಿ ಕೇಳಿರುತ್ತೀರಿ, ಅಲ್ವಾ? ಆದರೆ ಏಳು ಸಮುದ್ರವನ್ನು ಎಲೆ ಮೇಲೆ ತರುವುದು ಹೇಗೆ ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅತ್ತೆ ಕಾಯಿ ತುರಿಯುತ್ತಾ, "ಎಲ್ಲಿ ಹುಡುಕ್ತೀಯೇ ಮಾರಾಯ್ತಿ, ಎಲ್ಲಾ ಅಡುಗೆಮನೇಲೇ ಇದೆ" ಅಂದರು. ಹೌದಲ್ಲ! ಪುರಾಣದ ಏಳು ಸಮುದ್ರಗಳು ಉಪ್ಪು, ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು, ಸಿಹಿನೀರು. ಸುರೆ ಒಂದು ಬಿಟ್ಟರೆ ಎಲ್ಲವೂ ದಿನಾ ನಮ್ಮ ಎಲೆ ಮೇಲೆ ಹರಿಯುವುದೇ.

ಸಮುದ್ರಗಳ ಅಡುಗೆ

ಲೆಕ್ಕ ಹನ್ನೆರಡು ಜನಕ್ಕೆ. ಸಮುದ್ರ ಅಂತ ಹೆಸರಿದ್ದರೂ ಬಡಿಸುವುದು ಒಂದೊಂದು ಪುಟ್ಟ ದೊನ್ನೆ ಮಾತ್ರ. ಜಾಸ್ತಿ ಬಡಿಸಿದರೆ ನಾಲ್ಕನೇ ಸಮುದ್ರಕ್ಕೇ ಮಕ್ಕಳ ಹೊಟ್ಟೆ ತುಂಬಿ, ರಾಕ್ಷಸ ಬದುಕಿಬಿಡುತ್ತಾನೆ. ದೊನ್ನೆ, ಬಾಳೆಲೆಗೆ ಶಿವಮೊಗ್ಗದವರಾದರೆ ಗಾಂಧಿ ಬಜಾರ್‌ಗೆ ಒಂದು ಸುತ್ತು ಹೋಗಿ ಬನ್ನಿ.

ಉಪ್ಪಿನ ಸಮುದ್ರಕ್ಕೆ ಅಪ್ಪೆಹುಳಿ. ಮಳೆಗಾಲದಲ್ಲಿ ಹಸಿ ಮಾವಿನಕಾಯಿ ಎಲ್ಲಿಂದ ಬರಬೇಕು? ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ ತೆಗೆಯಿರಿ. ನಾಲ್ಕು ಕಾಯಿಯನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಕಿವುಚಿ, ಎರಡು ಲೀಟರ್ ನೀರು ಬೆರೆಸಿ. ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಡಿ. ಮಕ್ಕಳಿಗೆ ಮೆಣಸು ಕಡಿಮೆ ಇರಲಿ. ರುಚಿ ನೋಡದೆ ಉಪ್ಪು ಹಾಕಲೇಬೇಡಿ, ಕಾಯಿಯಲ್ಲೇ ಬೇಕಾದಷ್ಟಿರುತ್ತದೆ.

ಕಬ್ಬಿನ ಸಮುದ್ರ ಅಂದರೆ ಜೋನಿ ಬೆಲ್ಲ. ಆಲೆಮನೆಯಿಂದ ತಂದು ಡಬ್ಬದಲ್ಲಿಟ್ಟದ್ದು ಇದ್ದೇ ಇರುತ್ತದೆ. ತಲಾ ಒಂದು ನೀರುದೋಸೆ, ಅದರ ಮೇಲೆ ಬೆಲ್ಲ. ದೋಸೆ ನಾಲ್ಕು ಮಡಿಕೆ ಮಡಿಸಿದರೆ ಅದೇ ದೋಣಿ.

ಸುರೆಯ ಬದಲು ನಾನು ಮಾಡಿದ್ದು ಶಂಖಪುಷ್ಪದ ಶರಬತ್ತು. ನೀಲಿ ಬಣ್ಣ ಬೇಕೇ ಬೇಕು ಅಂತಿದ್ದರೆ ಹೀಗೆ ತನ್ನಿ, ಪಲಾವ್‌ಗೆ ಸುರಿಯಬೇಡಿ. ಬೇಲಿಯ ನೀಲಿ ಶಂಖಪುಷ್ಪ ಇಪ್ಪತ್ತು ಹೂವು ಕಿತ್ತು ತೊಳೆದು, ಒಂದು ಲೀಟರ್ ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಸೋಸಿ, ಸಕ್ಕರೆ ಹಾಕಿ, ಆರಿಸಿ. ಗಾಜಿನ ಲೋಟದಲ್ಲೇ ಕೊಡಿ, ಸ್ಟೀಲ್ ಲೋಟದಲ್ಲಿ ಆಟ ಕಾಣುವುದಿಲ್ಲ. ಈ ಸಮುದ್ರದ ಗಾಳಿ ಕುಡಿದವರಿಗೆ ಮಂಕು ಕವಿಯುತ್ತದೆ ಅಂತ ಹೇಳಿ, ಪ್ರತಿಯೊಬ್ಬರ ಕೈಗೂ ಒಂದು ಹೋಳು ನಿಂಬೆಹಣ್ಣು ಕೊಡಿ. ಹಿಂಡಿದ ಕೂಡಲೇ ಕಡುನೀಲಿ ಕದಡಿ ನೇರಳೆಯಾಗುತ್ತದೆ, ಇನ್ನೂ ಹಿಂಡಿದರೆ ಗುಲಾಬಿಗೆ ತಿರುಗುತ್ತದೆ. ಹೂವಿನ ಬಣ್ಣಕ್ಕೆ ಹುಳಿ ತಾಗಿದಾಗ ಆಗುವ ಬದಲಾವಣೆ ಅಷ್ಟೇ. ಆದರೆ ಊಟದ ಹೊತ್ತಲ್ಲಿ ಅದನ್ನು ವಿವರಿಸಲು ಹೋಗಬೇಡಿ. ನಮ್ಮ ಭಾವ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು, ಅವರ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ತುಪ್ಪದ ಸಮುದ್ರ ಸುಲಭ. ಬಿಸಿ ಅನ್ನ, ತೊವ್ವೆ. ಅನ್ನದ ಗುಡ್ಡೆಯಲ್ಲಿ ಗುಳಿ ಮಾಡಿ ತುಪ್ಪ ಬಿಡಿ.

ಮೊಸರಿಗೆ ಒಂದೆಲಗದ ತಂಬುಳಿ. ಎರಡು ಹಿಡಿ ಎಲೆಯನ್ನು ಜೀರಿಗೆ, ಎಂಟು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಒಂದು ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಒಂದೂವರೆ ಲೀಟರ್ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಕುದಿಸಬಾರದು. ಹಸಿರು ನೋಡಿ ಮೂಗು ಮುರಿಯುವ ಮಕ್ಕಳಿಗೆ 'ಪಾಚಿ ಸಮುದ್ರ' ಅಂದರೆ ಸಾಕು, ಪೈಪೋಟಿ ಮೇಲೆ ಕುಡಿಯುತ್ತಾರೆ.

ಹಾಲಿನ ಸಮುದ್ರಕ್ಕೆ ಕಾಯಿಹಾಲು, ಜೊತೆಗೆ ಒತ್ತುಶ್ಯಾವಿಗೆ. ಒಂದು ಕೆಜಿ ಅಕ್ಕಿಯ ಶ್ಯಾವಿಗೆಗೆ ಮೂರು ತೆಂಗಿನಕಾಯಿ, ಅರ್ಧ ಕೆಜಿ ಬೆಲ್ಲ, ಏಲಕ್ಕಿ. ಬೆಲ್ಲವನ್ನು ಬೇರೆಯೇ ಕರಗಿಸಿ ಸೋಸಿ ಪೂರ್ತಿ ಆರಿಸಿ, ಆಮೇಲೆ ಹಾಲಿಗೆ ಹಾಕಿ. ಬಿಸಿ ಬೆಲ್ಲ ಸುರಿದರೆ ಹಾಲು ಒಡೆದ ಹಾಗಾಗುತ್ತದೆ. ಶ್ಯಾವಿಗೆ ಒರಳು ಒತ್ತಲು ಇಬ್ಬರು ಗಟ್ಟಿಗರು ಬೇಕು, ಬಂದವರಲ್ಲಿ ಯಾರನ್ನಾದರೂ ಹಿಡಿಯಿರಿ.

ಏಳನೆಯದು ಬಾವಿನೀರು. ಬೆಳಿಗ್ಗೆಯೇ ಕಾಯಿಸಿ ಆರಿಸಿ, ತಾಮ್ರದ ತಂಬಿಗೆಯಲ್ಲಿ ಲಾವಂಚದ ಬೇರು ಹಾಕಿಟ್ಟರೆ ಆಯಿತು.

ಹೊಸ ರುಚಿ ತೋರಿಸೋಣ ಅಂತ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಸೇರಿಸುವ ಯೋಚನೆ ಬಂದರೆ ಎಚ್ಚರ. ಅದನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಗಡಿಬಿಡಿಯ ದಿನಕ್ಕೆ ಹೇಳಿಸಿದ್ದಲ್ಲ.

ಗಿಳಿ

ಗಿಳಿ ಅಂದರೆ ಎಲೆಯಲ್ಲಿ ಸುತ್ತಿದ ಹಲಸಿನಹಣ್ಣಿನ ಕಡುಬು. ನಾಲ್ಕು ಬಟ್ಟಲು ಹಣ್ಣಿನ ತೊಳೆಗೆ ಎರಡು ಬಟ್ಟಲು ಅಕ್ಕಿ. ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ ಬಸಿದು, ಹಣ್ಣು, ಒಂದು ಬಟ್ಟಲು ಬೆಲ್ಲ, ಒಂದು ಬಟ್ಟಲು ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ನೀರು ಹಾಕದೆ ತರಿತರಿಯಾಗಿ ರುಬ್ಬಿ. ಬಾಳೆಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿದರೆ ಮಡಿಸುವಾಗ ಸೀಳುವುದಿಲ್ಲ. ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಲಿ. ಹಲಸಿನ ಕಾಲ ಮುಗಿದಿದ್ದರೆ ಸೌತೆಕಾಯಿ ಕಡುಬು ಮಾಡಿ, ಗಿಳಿಗೇನೂ ಬೇಜಾರಿಲ್ಲ.

ಹನ್ನೆರಡರಲ್ಲಿ ಒಂದು ಕಡುಬಿನ ನಡುವೆ ಮಾತ್ರ ಬೀಜ ತೆಗೆದ ಖರ್ಜೂರದ ಮೆತ್ತನೆ ತುಂಡು ಇಡಿ. ಅದೇ ಪ್ರಾಣ. ನಾಣ್ಯ, ಇಡೀ ಗೋಡಂಬಿ ಇಡಬೇಡಿ. ಮಕ್ಕಳ ಗಂಟಲಿಗೆ ಸಿಕ್ಕೀತು.

ಜಗಲಿ ಸಿಂಗಾರ

ಇದಕ್ಕೆ ದುಡ್ಡು ಹಾಕಬೇಡಿ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಅವರ ಕೈಗೆ ನಮ್ಮ ಕೈ ಸಾಟಿಯಲ್ಲ. ಆದರೂ ರಟ್ಟಿಗೆ ಕೆಮ್ಮಣ್ಣು ಬಳಿದು ಮಕ್ಕಳಿಗೆ ಕೊಟ್ಟರೆ ಒಂದು ಮಧ್ಯಾಹ್ನ ನಿಮಗೆ ಬಿಡುವು ಸಿಗುತ್ತದೆ. ರಾಕ್ಷಸನಿಗೆ ಮಳೆಗೆ ಹೊದೆಯುವ, ಅಟ್ಟದ ಮೇಲಿನ ಹಳೇ ಗೊರಬು, ರಾಜಕುಮಾರನಿಗೆ ಅಡಿಕೆ ಹಾಳೆಯ ಟೊಪ್ಪಿ. ಚಾಪೆ ಹಾಸಿ ಪಂಕ್ತಿಯಲ್ಲಿ ಕೂರಿಸಿ. ಲಾಟೀನು ಎತ್ತರದಲ್ಲಿ, ಸೆರಗು, ಪರದೆ ತಾಗದ ಕಡೆ ನೇತಾಡಲಿ.

ಕಥೆ ಹೇಳುವವರು ಎದ್ದು ಬಡಿಸಬಾರದು

ಹೋದ ಸಲಕ್ಕಿಂತ ಈ ಸಲ ಎಲ್ಲ ಸಲೀಸಾಗಿದ್ದು ಇದೊಂದರಿಂದ. ಕಥೆಗೆ ಒಬ್ಬರು, ಬಡಿಸಲು ಇಬ್ಬರು. ಸಂಜೆ ಏಳಕ್ಕೆ ಶುರು ಮಾಡಿದರೆ ಎಂಟೂವರೆಗೆ ಮುಗಿಯುತ್ತದೆ, ದೂರದವರು ಜೋರು ಮಳೆಗೆ ಮುಂಚೆ ಮನೆ ಸೇರಬಹುದು. ಕಥೆ ಸಮುದ್ರದ ದಡಕ್ಕೆ ಬಂದಾಗ ನಿಲ್ಲಬೇಕು. "ಮುಂದೆ?" ಅಂತ ಕೇಳಿದ ಮೇಲೆಯೇ ದೊನ್ನೆ ಬರಬೇಕು, ದೊನ್ನೆ ಖಾಲಿಯಾದ ಮೇಲೆಯೇ ಕಥೆ ಮುಂದೆ ಹೋಗಬೇಕು. ಕೇಳುವವರು 'ಹೂಂ' ಅನ್ನುತ್ತಿರಬೇಕು. ಹೂಂಗುಟ್ಟದವರಿಗೆ ಬಡಿಸುವುದಿಲ್ಲ ಅಂತ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಮೊಬೈಲ್ ನೋಡುತ್ತಿದ್ದ ನಮ್ಮ ಯಜಮಾನರಿಗೆ ಎರಡು ಸಮುದ್ರ ತಪ್ಪಿಹೋಯಿತು.

ಕಡುಬು ಬಿಚ್ಚುವ ಮೊದಲು ಕಥೆ ನಿಲ್ಲಲಿ. ಖರ್ಜೂರ ಯಾರಿಗೆ ಸಿಗುತ್ತದೋ ರಾಕ್ಷಸನ ಪ್ರಾಣ ಅವರ ಕೈಯಲ್ಲಿ, ಕೊನೆ ಹೇಳುವವರೂ ಅವರೇ. ನಮ್ಮಲ್ಲಿ ಅದು ಸಿಕ್ಕಿದ್ದು ಪಕ್ಕದ ಮನೆಯ ಆರು ವರ್ಷದ ಹುಡುಗನಿಗೆ. ಅವನು ಬಹಳ ಹೊತ್ತು ಯೋಚನೆ ಮಾಡಿ, "ಅಜ್ಜಿ, ರಾಕ್ಷಸಂಗೆ ಊಟ ಆಯ್ತಾ?" ಅಂದ. ಅತ್ತೆ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಪಂಕ್ತಿಯ ತುದಿಯಲ್ಲಿ ಇನ್ನೊಂದು ಎಲೆ ಹಾಕಿಸಿ, ತಮ್ಮ ಪಾಲಿನ ಕಡುಬು ಅಲ್ಲಿಟ್ಟರು.

ಬೆಳಿಗ್ಗೆ ಜಗಲಿ ಗುಡಿಸಲು ಹೋದಾಗ ಆ ಎಲೆ ಖಾಲಿಯಿತ್ತು. ಮಗಳು ಕುಣಿದಾಡಿದಳು. ನಾನು ಬೆಕ್ಕಿನ ಸುದ್ದಿ ಎತ್ತಲಿಲ್ಲ.