ಕಾದಂಬರಿ ಸಿನಿಮಾಕ್ಕೆ ಕೊಡುತ್ತೀರಾ? ಕರಾರು ಹೀಗೆ ಬರೆಸಿ

ಕಾದಂಬರಿಯನ್ನು ಸಿನಿಮಾ ಮಾಡುತ್ತೇವೆ ಎಂದು ನಿರ್ಮಾಪಕರ ಕಡೆಯಿಂದ ಫೋನ್ ಬಂದಾಗ ನಮ್ಮ ಲೇಖಕರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, ‘ಬಹಳ ಸಂತೋಷ’. ಇನ್ನೊಂದು, ‘ನಿಮಗೆ ತೋಚಿದಷ್ಟು ಕೊಡಿ’. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದು ಬಾಯಿಂದ ಹೊರಬಿದ್ದ ಮೇಲೆ ಚೌಕಾಸಿಗೆ ಹೆಚ್ಚೇನೂ ಉಳಿಯುವುದಿಲ್ಲ. ಕೆಲವು ದಿನಗಳಲ್ಲಿ ಇಂಗ್ಲಿಷಿನ ಕರಾರು ಪತ್ರ ಬರುತ್ತದೆ, ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿರುತ್ತಾರೆ. ಆ ಗುರುತಿನ ತನಕ ಹೋಗುವ ಮುನ್ನ ಮಾಡಬೇಕಾದ ಕೆಲಸಗಳು ಇಲ್ಲಿವೆ.

ಹಕ್ಕು ಯಾರ ಬಳಿ ಇದೆ, ನೋಡಿಕೊಳ್ಳಿ

ಪುಸ್ತಕದ ಒಳಪುಟದಲ್ಲಿ ‘ಹಕ್ಕುಗಳು: ಲೇಖಕರವು’ ಎಂದು ಅಚ್ಚಾಗಿದ್ದರೆ ಸಾಲದು. ಪ್ರಕಾಶಕರೊಂದಿಗೆ ಹಿಂದೆ ಮಾಡಿಕೊಂಡ ಒಪ್ಪಂದ ಹುಡುಕಿ ತೆಗೆಯಿರಿ. ಅನುವಾದ, ರೂಪಾಂತರ, ಚಲನಚಿತ್ರದ ಹಕ್ಕುಗಳನ್ನು ಅದರಲ್ಲಿ ಅವರಿಗೆ ಬರೆದುಕೊಟ್ಟಿದ್ದರೆ ಈಗ ಮಾತುಕತೆಗೆ ಕೂರಬೇಕಾದವರು ಅವರು. ಪತ್ರಿಕೆಯ ಉದ್ಯೋಗಿಯಾಗಿದ್ದಾಗ ಆ ಪತ್ರಿಕೆಗೆಂದೇ ಬರೆದ ಕತೆಯ ವಿಷಯದಲ್ಲೂ ಎಚ್ಚರ ಬೇಕು. ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಅಲ್ಲಿ ಮಾಲೀಕರದಾಗಿರಬಹುದು. ಹೊರಗಿನಿಂದ ವಿಶೇಷಾಂಕಕ್ಕೆ ಕಳಿಸಿದ ಕತೆಗೆ ಈ ತೊಡಕಿಲ್ಲ.

ಲೇಖಕರು ತೀರಿಕೊಂಡಿದ್ದರೆ ಕತೆಯೇ ಬೇರೆ. ಹಕ್ಕುಸ್ವಾಮ್ಯ ಅವರ ನಂತರವೂ 60 ವರ್ಷ ಉಳಿಯುತ್ತದೆ, ಆದರೆ ಯಾರ ಕೈಯಲ್ಲಿ? ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು. ಅವರ ಯಕ್ಷಗಾನ ನೃತ್ಯನಾಟಕಗಳ ಹಕ್ಕು ಯಾರದು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2009ರಲ್ಲಿ ತೀರ್ಪಾಯಿತು. ಮರಣಶಾಸನದಲ್ಲಿದ್ದ ‘ಸಾಹಿತ್ಯ ಕೃತಿಗಳು’ ಎಂಬ ಮಾತಿನೊಳಗೆ ನೃತ್ಯನಾಟಕವೂ ಸೇರುತ್ತದೆಯೇ ಎಂಬ ವಾದ ಅಲ್ಲಿ ನಡೆಯಿತು. ಕೊನೆಗೆ, ಬೇರೆಯಾಗಿ ಹೆಸರಿಸದೆ ಉಳಿದ ಆಸ್ತಿ ಯಾರಿಗೆ ಎಂದು ಮರಣಶಾಸನದಲ್ಲಿದ್ದ ಷರತ್ತು ಕೆಲಸಕ್ಕೆ ಬಂತು. ವಾರಸುದಾರರು ಮೂವರಿದ್ದರೆ ಮೂವರ ಸಹಿಯೂ ಬೇಕು. ಇದನ್ನು ನಿರ್ಮಾಪಕರೇ ಕೇಳಬೇಕು, ಕೇಳದಿದ್ದರೆ ನೀವೇ ಎತ್ತಿ.

ಇನ್ನು ಹೆಸರಿನ ವಿಚಾರ. ನಿಮ್ಮ ಕಾದಂಬರಿಯ ಹೆಸರನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಯಾರೋ ಆಗಲೇ ನೋಂದಾಯಿಸಿರಬಹುದು. ಅದರಿಂದ ಅವರಿಗೆ ಕತೆಯ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ.

ಕ್ರಯ ಬೇಡ, ಗೇಣಿ ಇರಲಿ

ಹಕ್ಕನ್ನು ಬಿಟ್ಟುಕೊಡುವ ದಾರಿ ಎರಡು. ವರ್ಗಾವಣೆ ಎಂದರೆ ಜಮೀನನ್ನು ಶುದ್ಧ ಕ್ರಯಕ್ಕೆ ಬರೆದುಕೊಟ್ಟಂತೆ. ಪರವಾನಗಿ ಎಂದರೆ ಗೇಣಿಗೆ ಕೊಟ್ಟಂತೆ, ಪಹಣಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ. ಒಂದು ಸಿನಿಮಾ ಮಾಡಲು ಪರವಾನಗಿ ಧಾರಾಳವಾಗಿ ಸಾಕು. ಆದರೂ ಕೈಗೆ ಬರುವ ಕರಡು ಹೆಚ್ಚಾಗಿ ಹೀಗಿರುತ್ತದೆ:

‘ಲೇಖಕರು ಕೃತಿಯ ಸಕಲ ಹಕ್ಕುಗಳನ್ನೂ ಈಗ ಇರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ ನಿರ್ಮಾಪಕರಿಗೆ ವರ್ಗಾಯಿಸಿದ್ದಾರೆ.’

ಒಂದೇ ವಾಕ್ಯದಲ್ಲಿ ಸಿನಿಮಾ, ಧಾರಾವಾಹಿ, ನಾಟಕ, ಆಡಿಯೊ ಪುಸ್ತಕ, ಹಿಂದಿ ರೀಮೇಕ್, ಮುಂದಿನ ಭಾಗ, ಪಾತ್ರಗಳು ಎಲ್ಲವೂ ಹೋದವು. ಪುಸ್ತಕದ ಮರುಮುದ್ರಣಕ್ಕೂ ನಾಳೆ ನಿರ್ಮಾಪಕರ ಅಪ್ಪಣೆ ಕೇಳಬೇಕಾದೀತು. ಇದನ್ನು ಹೀಗೆ ತಿದ್ದಿಸಿ:

‘ಈ ಕಾದಂಬರಿಯನ್ನು ಆಧರಿಸಿ ಕನ್ನಡದಲ್ಲಿ ಒಂದು ಪೂರ್ಣಾವಧಿ ಚಲನಚಿತ್ರ ನಿರ್ಮಿಸಲು, ಅದನ್ನು ಚಿತ್ರಮಂದಿರ, ಟಿ.ವಿ. ಮತ್ತು ಒಟಿಟಿಯಲ್ಲಿ ಪ್ರದರ್ಶಿಸಲು ಲೇಖಕರು ಪರವಾನಗಿ ನೀಡುತ್ತಾರೆ. ಸಹಿಯ ದಿನದಿಂದ ಮೂರು ವರ್ಷದೊಳಗೆ ಚಿತ್ರೀಕರಣ ಆರಂಭವಾಗದಿದ್ದರೆ ಪರವಾನಗಿ ತಾನಾಗಿಯೇ ರದ್ದಾಗುತ್ತದೆ, ಪಡೆದ ಹಣ ಹಿಂದಿರುಗಿಸಬೇಕಿಲ್ಲ. ಇಲ್ಲಿ ಹೆಸರಿಸದ ಎಲ್ಲ ಹಕ್ಕುಗಳೂ ಲೇಖಕರಲ್ಲೇ ಉಳಿಯುತ್ತವೆ.’

ಇಡೀ ಕರಾರಿನಲ್ಲಿ ಒಂದೇ ವಾಕ್ಯ ಉಳಿಸಿಕೊಳ್ಳಲು ಬಿಟ್ಟರೆ ನಾನು ಈ ಕೊನೆಯದನ್ನು ಆರಿಸುತ್ತೇನೆ.

ಅವಧಿಯ ವಿಷಯದಲ್ಲಿ ನಿರ್ಮಾಪಕರ ಕಷ್ಟವನ್ನೂ ಅರಿಯಬೇಕು. ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರವನ್ನು ಏಳು ವರ್ಷಕ್ಕೆ ಡಬ್ಬದಲ್ಲಿ ಮುಚ್ಚಿಡಿ ಎಂದರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಎರಡು ಅವಧಿ ಬೇರೆ ಮಾಡಿ. ಚಿತ್ರ ತಯಾರಿಸಲು ಗಡುವು ಇರಲಿ, ತಯಾರಾದ ಚಿತ್ರವನ್ನು ತೋರಿಸಲು ಗಡುವು ಬೇಡ. ಈ ಒಂದು ಔದಾರ್ಯಕ್ಕೆ ಪ್ರತಿಯಾಗಿ ರೀಮೇಕ್ ಮತ್ತು ಮುಂದಿನ ಭಾಗದ ಹಕ್ಕನ್ನು ಹೊರಗಿಡಲು ಕೇಳಿದರೆ ಅವರು ಇಲ್ಲವೆನ್ನುವುದು ಕಷ್ಟ.

ಕಾಯಿದೆ ಕೂಡ ಲೇಖಕರ ಕಡೆ ಸ್ವಲ್ಪ ವಾಲಿದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಕೊಟ್ಟ ಹಕ್ಕನ್ನು ಒಂದು ವರ್ಷ ಬಳಸದೆ ಬಿಟ್ಟರೆ, ಬೇರೆ ಷರತ್ತು ಇಲ್ಲದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. 30ಎ ಸೆಕ್ಷನ್ ಇವೇ ನಿಯಮಗಳನ್ನು ಪರವಾನಗಿಗೂ ಅನ್ವಯಿಸುತ್ತದೆ. ಒಂದು ವರ್ಷದ ನಿಯಮ ಇರುವುದು 19(4)ರಲ್ಲಿ. ನಿರ್ಮಾಪಕರ ವಕೀಲರು ಕರಡಿನಲ್ಲಿ ‘19(4)ನೇ ಉಪಸೆಕ್ಷನ್ ಅನ್ವಯವಾಗದು’ ಎಂದು ಒಂದು ಸಾಲು ತುರುಕುವುದು ಸುಮ್ಮನೆ ಅಲ್ಲ. ಆ ಸಾಲು ಕಂಡರೆ ಹೊಡೆದುಹಾಕಲು ಹೇಳಿ, ಅಥವಾ ಅದರ ಜಾಗದಲ್ಲಿ ಮೂರು ವರ್ಷದ ಗಡುವು ಕೂರಿಸಿ. ವರ್ಗಾವಣೆಗೆ ಸಹಿ ಹಾಕಿಬಿಟ್ಟವರಿಗೂ 2012ರ ತಿದ್ದುಪಡಿಯ ಆಸರೆಯಿದೆ. ಸಹಿ ಹಾಕಿದಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮವನ್ನು ಕರಾರಿನಲ್ಲಿ ನಿರ್ದಿಷ್ಟವಾಗಿ ಹೆಸರಿಸದಿದ್ದರೆ ವರ್ಗಾವಣೆ ಅದಕ್ಕೆ ತಗಲುವುದಿಲ್ಲ.

ಹಣದ ಮಾತು

ಮೊದಲ ಫೋನಿನಲ್ಲೇ ಮೊತ್ತ ಹೇಳಬೇಡಿ. ಯಾವ ಹಕ್ಕು, ಎಷ್ಟು ಭಾಷೆ, ಎಷ್ಟು ಕಾಲ ಎಂದು ಕೇಳಿ. ಉತ್ತರ ಬರದೆ ಬೆಲೆ ಕಟ್ಟಲು ಬರುವುದಿಲ್ಲ. ಬಂಡವಾಳ ಹೊಂದಿಸಲು ಸಮಯ ಬೇಕು ಎಂದರೆ ಕಾಯ್ದಿರಿಸುವ ಒಪ್ಪಂದ ಮಾಡಿಕೊಳ್ಳಬಹುದು. ಸಣ್ಣ ಮೊತ್ತಕ್ಕೆ ಹನ್ನೆರಡು ಅಥವಾ ಹದಿನೆಂಟು ತಿಂಗಳು ಕತೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂಬ ಮಾತು ಅದು. ಅಷ್ಟರಲ್ಲಿ ಪೂರ್ತಿ ಹಣ ಕೊಟ್ಟರೆ ಪರವಾನಗಿ ಜಾರಿಗೆ ಬರುತ್ತದೆ, ಇಲ್ಲದಿದ್ದರೆ ಸಣ್ಣ ಮೊತ್ತ ನಿಮ್ಮದು, ಕತೆಯೂ ನಿಮ್ಮದು. ಬಿಡಿಗಾಸಿಗೆ ವರ್ಷಗಟ್ಟಲೆ ಕತೆ ಕಟ್ಟಿಹಾಕಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಪೂರ್ತಿ ಮೊತ್ತವನ್ನು ಕಂತುಗಳಲ್ಲಿ ಪಡೆಯುವುದಾದರೆ ಕೊನೆಯ ಕಂತು ಬಿಡುಗಡೆಗೆ ಮುಂಚೆ ಬರಬೇಕು. ‘ಬಿಡುಗಡೆಯ ನಂತರ’ ಎಂದಿದ್ದರೆ ಆ ಕಂತನ್ನು ಮರೆತಂತೆಯೇ. ಚಿತ್ರ ಓಡದಿದ್ದರೆ ಕೊಡಲು ಹಣವಿರುವುದಿಲ್ಲ, ಓಡಿದರೆ ಫೋನ್ ಎತ್ತಲು ಪುರುಸೊತ್ತಿರುವುದಿಲ್ಲ.

ಲಾಭದಲ್ಲಿ ಪಾಲು ಎಂಬ ಆಮಿಷ ಬಂದರೆ ‘ನಿವ್ವಳ’ ಎಂಬ ಪದ ಇದೆಯೇ ನೋಡಿ. ನಿವ್ವಳ ಲಾಭ ಎಂದರೆ ಬಡ್ಡಿ, ಪ್ರಚಾರ, ಕಚೇರಿ ಖರ್ಚು, ವಿತರಕರ ಕಮಿಷನ್ ಎಲ್ಲ ಕಳೆದು ಉಳಿಯುವುದು. ಹೆಚ್ಚಿನ ಸಲ ಏನೂ ಉಳಿಯುವುದಿಲ್ಲ, ಉಳಿಯಿತೋ ಇಲ್ಲವೋ ನೋಡಲು ಲೆಕ್ಕದ ಪುಸ್ತಕ ನಿಮ್ಮ ಕೈಗೆ ಸಿಗುವುದಿಲ್ಲ. ಅದರ ಬದಲು ಎಲ್ಲರ ಕಣ್ಣಿಗೂ ಕಾಣುವ ಘಟನೆಗಳಿಗೆ ಮೊತ್ತ ಕಟ್ಟಿ. ಒಟಿಟಿಗೆ ಮಾರಾಟವಾದರೆ ಇಂತಿಷ್ಟು, ಬೇರೆ ಭಾಷೆಗೆ ಡಬ್ ಮಾಡಿದರೆ ಭಾಷೆಯೊಂದಕ್ಕೆ ಇಂತಿಷ್ಟು. ಟಿಡಿಎಸ್ ಕಳೆದು ಬರುವ ಮೊತ್ತವೋ ಕಳೆಯುವ ಮುಂಚಿನದೋ, ಜಿಎಸ್‌ಟಿ ಯಾರ ಹೊಣೆ ಎಂಬುದನ್ನೂ ಬರೆಸಿ.

ಸಿನಿಮಾದಲ್ಲಿ ಅಳವಡಿಸಿದ ಸಾಹಿತ್ಯ ಅಥವಾ ಸಂಗೀತ ಕೃತಿಯ ಕರ್ತೃವಿಗೆ ಚಿತ್ರಮಂದಿರದಾಚೆಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲಿನ ಹಕ್ಕನ್ನು 2012ರ ಅದೇ ತಿದ್ದುಪಡಿ ಕೊಟ್ಟಿದೆ. ಈ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆದರೂ ಅದಕ್ಕೆ ಬೆಲೆಯಿಲ್ಲ. ಚಿತ್ರಸಾಹಿತಿಗಳು ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಹೆಸರು, ಚಿತ್ರಕತೆ, ಮರ್ಯಾದೆ

ಚಿತ್ರಕತೆಗೆ ನಿಮ್ಮ ಒಪ್ಪಿಗೆ ಕಡ್ಡಾಯ ಎಂಬ ಷರತ್ತಿಗೆ ನಿರ್ಮಾಪಕರು ಒಪ್ಪುವುದು ಅಪರೂಪ, ಅದರಲ್ಲಿ ನ್ಯಾಯವೂ ಇದೆ. ಚಿತ್ರ ನಿರ್ದೇಶಕರದು. ಆದ್ದರಿಂದ ಅದಕ್ಕಾಗಿ ಹಟ ಹಿಡಿದು ಚೌಕಾಸಿಯ ಬಲ ಕಳೆದುಕೊಳ್ಳಬೇಡಿ. ಚಿತ್ರೀಕರಣಕ್ಕೆ ಮುಂಚೆ ಚಿತ್ರಕತೆ ಓದಲು ಕೊಡಬೇಕು, ಒಪ್ಪಿಗೆಯಾಗದಿದ್ದರೆ ‘ಕತೆ’ ಎಂಬಲ್ಲಿ ನನ್ನ ಹೆಸರು ತೆಗೆಯಲು ಕೇಳುವ ಹಕ್ಕು ನನಗಿರಬೇಕು ಎಂಬಿಷ್ಟು ಸಾಕು. ಹೆಸರು ಬರುವುದಾದರೆ ಎಲ್ಲಿ, ಯಾವ ಪದಗಳಲ್ಲಿ, ಪೋಸ್ಟರಿನಲ್ಲೂ ಬರುತ್ತದೆಯೇ ಎಂಬುದನ್ನು ಅಕ್ಷರಶಃ ಬರೆಸಿ.

ಇದರಾಚೆಗೆ 57ನೇ ಸೆಕ್ಷನ್ ಇದೆ. ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರ ಲೇಖಕರಿಗೆ ಅದರಿಂದ ಬರುತ್ತದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿ ಆಧರಿಸಿದ ಚಿತ್ರದ ವಿರುದ್ಧ ಹೋರಾಡಿದ ಮೊಕದ್ದಮೆಯಲ್ಲಿ, ಈ ಹಕ್ಕು ಕರಾರಿಗಿಂತ ಮೇಲಿನದು ಎಂದು ದೆಹಲಿ ಹೈಕೋರ್ಟ್ 1986ರಲ್ಲಿ ಹೇಳಿತು. ‘57ನೇ ಸೆಕ್ಷನ್‌ನ ಹಕ್ಕುಗಳನ್ನು ಲೇಖಕರು ತ್ಯಜಿಸಿದ್ದಾರೆ’ ಎಂಬ ಸಾಲಿಗೆ ಯಾಕೆ ಸಹಿ ಹಾಕಬಾರದು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಕೊನೆಯ ಪುಟಗಳಲ್ಲಿ ಅಡಗಿರುವುದು

ಓದುಗರು ಸುಸ್ತಾಗುವ ಜಾಗದಲ್ಲೇ ನಷ್ಟ ಭರಿಸುವ ಷರತ್ತು ಇರುತ್ತದೆ. ಯಾರಾದರೂ ಚಿತ್ರದ ಮೇಲೆ ಕೇಸು ಹಾಕಿದರೆ ಖರ್ಚೆಲ್ಲ ಲೇಖಕರದು ಎನ್ನುವ ಧಾಟಿ. ಕೃತಿ ನನ್ನ ಸ್ವಂತದ್ದು, ಕದ್ದದ್ದಲ್ಲ ಎಂಬಷ್ಟಕ್ಕೆ ಮಾತ್ರ ಹೊಣೆ ಹೊರಿ, ಅದೂ ನೀವು ಪಡೆದ ಹಣದ ಮಿತಿಯೊಳಗೆ. ಚಿತ್ರತಂಡ ಹೊಸದಾಗಿ ಸೇರಿಸಿದ ಸಂಭಾಷಣೆಗೋ ದೃಶ್ಯಕ್ಕೋ ನೀವು ಜವಾಬ್ದಾರರಲ್ಲ ಎಂದು ಬರೆಸಿ. ವ್ಯಾಜ್ಯ ಬಂದರೆ ಮಧ್ಯಸ್ಥಿಕೆ ಮುಂಬೈಯಲ್ಲಿ ಎಂದಿದ್ದರೆ ಬೆಂಗಳೂರು ಎಂದು ತಿದ್ದಿಸಿ. ಸಾಗರದಲ್ಲೋ ಸಿಂಧನೂರಿನಲ್ಲೋ ಇರುವ ಲೇಖಕರಿಗೆ ಮುಂಬೈ ಎಂದರೆ ಕೇಸು ಕೈಬಿಟ್ಟಂತೆಯೇ. ನಿರ್ಮಾಪಕರು ಈ ಪರವಾನಗಿಯನ್ನು ಬೇರೊಬ್ಬರಿಗೆ ಕೈದಾಟಿಸುವುದಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು ಎಂಬುದೂ ಇರಲಿ.

ಫೋನಿನಲ್ಲಿ ಒಪ್ಪಿದ ಪ್ರತಿಯೊಂದನ್ನೂ ಅದೇ ಸಂಜೆ ‘ಇಂದು ಮಾತಾಡಿದಂತೆ’ ಎಂದು ಆರಂಭಿಸಿ ಇಮೇಲ್ ಮಾಡಿ. ಕರಡು ತಿದ್ದುವಾಗ ತಿದ್ದುಪಡಿಗಳು ಬಣ್ಣದಲ್ಲಿ ಕಾಣುವಂತೆ ಕಳಿಸಲು ಕೇಳಿ, ಇಲ್ಲದಿದ್ದರೆ ಹೊಡೆದುಹಾಕಿದ ಸಾಲು ಮೂರನೇ ಕರಡಿನಲ್ಲಿ ಸದ್ದಿಲ್ಲದೆ ಮರಳಿರುತ್ತದೆ. ಸಹಿಗೆ ಮೊದಲು ಹಕ್ಕುಸ್ವಾಮ್ಯ ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ. ಅವರ ಶುಲ್ಕ ಭಾರವೆನಿಸಿದರೆ ಹಕ್ಕು ನೀಡುವ ಪುಟ ಮತ್ತು ಹಣದ ಪುಟವನ್ನಾದರೂ ತೋರಿಸಿ. ಛಾಪಾ ಕಾಗದದಲ್ಲಿ ಎರಡು ಮೂಲ ಪ್ರತಿ ಮಾಡಿಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ಪುಸ್ತಕದ ಹೆಸರು, ಮುದ್ರಣದ ವರ್ಷ, ಪ್ರಕಾಶಕರ ವಿವರ ಇರುವ ಅನುಬಂಧ ಸೇರಿಸಿ. ಒಂದು ಮೂಲ ಪ್ರತಿ ನಿಮ್ಮ ಬಳಿಯೇ ಇರಬೇಕು. ‘ಕಚೇರಿಯಿಂದ ಆಮೇಲೆ ಕಳಿಸುತ್ತೇವೆ’ ಎಂದರೆ ಅಲ್ಲೇ ಕೂತು ಕಾಯಿರಿ.