ಪ್ರತಿವಾದಿಯ ಪಾಟೀ ಸವಾಲಿಗೆ ಮೂರು ಕಾಲಂ ಹಾಳೆ

ವಾದಿ ಪರ ವಕೀಲರಿಗೆ ಒಂದು ಸಲಹೆ. ಪ್ರತಿವಾದಿಯ ಪಾಟೀ ಸವಾಲಿಗೆ, ಅಂದರೆ ಸಾಕ್ಷಿಯಾಗಿ ನಿಂತ ಎದುರು ಪಕ್ಷದವರನ್ನು ನೀವು ಪ್ರಶ್ನಿಸುವುದಕ್ಕೆ, ಮುಂಚೆ ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ಪ್ರಶ್ನೆ, ಬರಬೇಕಾದ ಉತ್ತರ, ಅದಕ್ಕೆ ಆಧಾರವಾದ ದಾಖಲೆಯ ಪುಟ ಸಂಖ್ಯೆ. ಮೂರನೇ ಕಾಲಂ ಖಾಲಿ ಉಳಿದರೆ ಆ ಪ್ರಶ್ನೆಯನ್ನು ಹೊಡೆದುಹಾಕುವುದೇ ಸಾಮಾನ್ಯವಾಗಿ ಕ್ಷೇಮ.

ಒಂದು ಪ್ರಶ್ನೆಗೆ ಒಂದೇ ಸಂಗತಿ. ‘ಪತ್ರ ಪಡೆದು, ಓದಿ, ಸುಮ್ಮನಿದ್ದಿರಿ ಅಲ್ಲವೇ?’ ಎಂದರೆ ಸಾಕ್ಷಿ ‘ಇಲ್ಲ’ ಎನ್ನಬಹುದು. ಯಾವುದಕ್ಕೆ ಇಲ್ಲ ಎಂಬುದು ತಿಳಿಯುವುದಿಲ್ಲ. ಒಡೆದು ಕೇಳಿ: ಪತ್ರ ತಲುಪಿತು. ಸ್ವೀಕೃತಿಯ ಸಹಿ ನಿಮ್ಮದು. ಉತ್ತರ ಬರೆಯಲಿಲ್ಲ.

ಸಾಕ್ಷಿ ತನ್ನ ಹಿಂದಿನ ಹೇಳಿಕೆಗೆ ವಿರುದ್ಧವಾಗಿ ಮಾತಾಡಿದರೆ ತಕ್ಷಣ ದಾಖಲೆ ಎತ್ತಬೇಡಿ. ಮೊದಲು ಇವತ್ತಿನ ಮಾತನ್ನು ಇನ್ನೊಮ್ಮೆ ಹೇಳಿಸಿ ಗಟ್ಟಿಮಾಡಿ. ನಂತರ ಹಿಂದಿನ ಹೇಳಿಕೆ ಕೊಟ್ಟಿದ್ದು, ಓದಿ ಸಹಿ ಹಾಕಿದ್ದು ಒಪ್ಪಿಸಿ. ಆ ಸಾಲನ್ನು ತೋರಿಸುವುದು ಕೊನೆಗೆ. ಕ್ರಮ ತಪ್ಪಿದರೆ ‘ನಾನು ಹಾಗಂದಿಲ್ಲ, ನೀವು ತಪ್ಪಾಗಿ ಕೇಳಿಸಿಕೊಂಡಿರಿ’ ಎಂದು ಜಾರಿಕೊಳ್ಳಲು ದಾರಿ ಸಿಗುತ್ತದೆ.

ಅಷ್ಟಾದ ಮೇಲೆ ನಿಲ್ಲಿಸಿ. ‘ಹಾಗಾದರೆ ಮಾತು ಯಾಕೆ ಬದಲಾಯಿಸಿದಿರಿ?’ ಎಂದು ಕೇಳುವ ಚಪಲ ಹಳಬರಿಗೂ ಬಿಟ್ಟಿಲ್ಲ. ಕೇಳಿದಿರೋ, ವಿವರಣೆ ಕೊಡಲು ನೀವೇ ಅವಕಾಶ ಮಾಡಿಕೊಟ್ಟಂತೆ. ಆ ವೈರುಧ್ಯವನ್ನು ಅಂತಿಮ ವಾದಕ್ಕೆ ಉಳಿಸಿಕೊಳ್ಳಿ.